ಎಟೋಶಾದಲ್ಲಿ ಕಂಡ ಕೊಂಬಿಲ್ಲದ ಘೇಂಡಾಮೃಗ: ಕಪ್ಪು ಘೇಂಡಾಗಳು ಎಲ್ಲೆಲ್ಲಿ ಉಳಿದಿವೆ, ಹೇಗೆ ಉಳಿದವು?

ಪ್ರಶ್ನೆ: ನಾವು ಕೆಲಸದ ಮೇಲೆ ಜೋಹಾನ್ಸ್‌ಬರ್ಗ್‌ನಲ್ಲಿದ್ದೇವೆ. ಈ ರಜೆಗೆ ನಮೀಬಿಯಾದ ಎಟೋಶಾ ಕಾಡಿಗೆ ಹೋಗಿದ್ದೆವು. ಓಕಾಕುವೆಯೊ ಎಂಬಲ್ಲಿ ರಾತ್ರಿ ದೀಪ ಹಾಕಿದ ನೀರಿನ ಹೊಂಡದ ಪಕ್ಕ ಕೂತಿದ್ದಾಗ ಒಂದಾದ ಮೇಲೊಂದು ಐದು ಕಪ್ಪು ಘೇಂಡಾಮೃಗ ಬಂದವು. ಎರಡಕ್ಕೆ ಕೊಂಬೇ ಇರಲಿಲ್ಲ. ಒಂದರ ಕಿವಿ ಹರಿದ ಹಾಗಿತ್ತು. ಒಂದೇ ರಾತ್ರಿ ಐದು ಕಾಣುವ ಪ್ರಾಣಿ ಅಳಿವಿನ ಅಂಚಿನಲ್ಲಿದೆ ಅಂದರೆ ನಂಬುವುದು ಹೇಗೆ? ಇವನ್ನು ಕಾಜಿರಂಗದ ಹಾಗೆ ಒಂದೇ ದೊಡ್ಡ ಕಾಡಿನಲ್ಲಿಟ್ಟು ಕಾಯಬಾರದೇ? ಲಾರಿ, ಹೆಲಿಕಾಪ್ಟರ್‌ಗಳಲ್ಲಿ ಊರೂರಿಗೆ ಸಾಗಿಸುವುದು ಯಾಕೆ? ಫೋಟೊ ಹಾಕುವಾಗ ಜಾಗದ ಗುರುತು ಹಾಕಬೇಡಿ ಅಂತ ಗೈಡ್ ಹೇಳಿದರು. ಅದೂ ಯಾಕೆಂದು ತಿಳಿಸಿ.

ಉತ್ತರ: ಮೊದಲು ಆ ನೀರಿನ ಹೊಂಡದ ಲೆಕ್ಕ ಹೇಳಿಬಿಡುತ್ತೇನೆ. ಎಟೋಶಾ ಒಣ ಸೀಮೆ. ಮಳೆ ನಿಂತ ಮೇಲೆ ಅಲ್ಲಿ ನೀರು ಸಿಗುವುದು ಬೆರಳೆಣಿಕೆಯ ಕಡೆ. ಕಪ್ಪು ಘೇಂಡಾಮೃಗ ಹಗಲೆಲ್ಲ ಪೊದೆಯ ನೆರಳಿನಲ್ಲಿ ಒಂಟಿಯಾಗಿ ಮಲಗಿರುತ್ತದೆ. ಕತ್ತಲಾದ ಮೇಲೆ ದೂರದಿಂದ ನಡೆದು ನೀರಿಗೆ ಬರುತ್ತದೆ. ಸುತ್ತಲಿನ ಎಷ್ಟೋ ಚದರ ಕಿಲೋಮೀಟರ್ ಜಾಗದ ಘೇಂಡಾಗಳು ನಿಮ್ಮ ಕಣ್ಣೆದುರು ಒಂದು ಹೊಂಡಕ್ಕೆ ಬಂದವು. ಮಾರನೇ ದಿನ ಹಗಲಿನಲ್ಲಿ ಅದೇ ಐದನ್ನು ಹುಡುಕಿಕೊಂಡು ಹೋಗಿದ್ದರೆ ಒಂದೂ ಸಿಗದೇ ಇರಬಹುದಿತ್ತು.

ಇನ್ನು ಒಟ್ಟು ಸಂಖ್ಯೆ. 1960ರ ಹೊತ್ತಿಗೆ ಆಫ್ರಿಕಾದಲ್ಲಿ ಸುಮಾರು 1 ಲಕ್ಷ ಕಪ್ಪು ಘೇಂಡಾಗಳಿದ್ದವು. 1970ಕ್ಕೆ ಸುಮಾರು 65,000. 1990ರ ದಶಕದ ನಡುವೆ ಎಣಿಸಿದಾಗ 2,500 ಕೂಡ ಇರಲಿಲ್ಲ. 1970ರಲ್ಲಿದ್ದವುಗಳಲ್ಲಿ ನೂರಕ್ಕೆ ತೊಂಬತ್ತಾರು, ಒಂದು ತಲೆಮಾರು ಮುಗಿಯುವುದರೊಳಗೆ ಹೋದವು. ಕೊಂಬು ಯೆಮನ್‌ಗೆ ಹೋಗಿ ಕಠಾರಿಯ ಹಿಡಿಯಾಯಿತು, ಪೂರ್ವ ಏಷ್ಯಾಕ್ಕೆ ಹೋಗಿ ಔಷಧಿಯ ಪುಡಿಯಾಯಿತು. 1977ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಂತು. ಆದರೂ ಕೊಲ್ಲುವುದು ನಿಲ್ಲಲಿಲ್ಲ. ಪಶ್ಚಿಮ ಆಫ್ರಿಕಾದ ಉಪಜಾತಿ ಕ್ಯಾಮರೂನಿನಲ್ಲಿ ಕೊನೆಯುಸಿರೆಳೆಯಿತು. 2011ರಲ್ಲಿ ಅದು ಅಳಿಯಿತು ಎಂದು ಘೋಷಿಸಿದರು. ಅಲ್ಲಿಂದ ಮೇಲೆ ಬಂದದ್ದು ನಿಧಾನವಾಗಿ. 2024ರ ಕೊನೆಗೆ ಇಡೀ ಆಫ್ರಿಕಾದಲ್ಲಿ 6,788 ಕಪ್ಪು ಘೇಂಡಾಗಳು. ನೀವು ನೋಡಿದ ಐದೂ ಆ ಲೆಕ್ಕದೊಳಗಿನವು.

ಇವುಗಳಲ್ಲಿ ಬಹುಪಾಲು ನಾಲ್ಕೇ ದೇಶಗಳಲ್ಲಿವೆ. ನಮೀಬಿಯಾ ಮತ್ತು ದಕ್ಷಿಣ ಆಫ್ರಿಕಾದಲ್ಲಿ ತಲಾ ಎರಡು ಸಾವಿರದ ಆಸುಪಾಸು, ಕೆನ್ಯಾದಲ್ಲಿ ಸಾವಿರಕ್ಕಿಂತ ಸ್ವಲ್ಪ ಜಾಸ್ತಿ, ಜಿಂಬಾಬ್ವೆಯಲ್ಲಿ ಕೆಲವು ನೂರು. ಜಾಂಬಿಯಾ, ಮಲಾವಿ, ಬೋಟ್ಸ್ವಾನಾ, ಎಸ್ವಾಟಿನಿ, ಮೊಜಾಂಬಿಕ್‌ಗಳಲ್ಲಿ ಚಿಕ್ಕ ಚಿಕ್ಕ ಗುಂಪುಗಳು. ನೀವು ಎಟೋಶಾದಲ್ಲಿ ಕಂಡದ್ದು ನೈಋತ್ಯದ ಉಪಜಾತಿ. ಮರುಭೂಮಿಯ ಅಂಚಿಗೂ ಒಗ್ಗಿದ್ದು. ನೀವಿರುವ ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ, ಕ್ವಾಝುಲು ನಟಾಲ್ ಪ್ರಾಂತ್ಯದಲ್ಲಿ, ಜಿಂಬಾಬ್ವೆಯಲ್ಲಿ ಇರುವುದು ಇನ್ನೊಂದು ಉಪಜಾತಿ. ಹೆಸರು ಕಪ್ಪು ಎಂದರೂ ಬಣ್ಣ ಬೂದಿಯೇ. ಬಿಳಿ ಘೇಂಡಾದ ಬಣ್ಣವೂ ಬೂದಿಯೇ. ಗುರುತು ಹಿಡಿಯಬೇಕಾದದ್ದು ಬಾಯಿಯಿಂದ. ಬಿಳಿಯದಕ್ಕೆ ಹುಲ್ಲು ಮೇಯುವ ಅಗಲ ಬಾಯಿ. ಕಪ್ಪಿನದು ಗಿಳಿಯ ಕೊಕ್ಕಿನ ಹಾಗೆ ಮುಂದೆ ಚೂಪಾದ ಮೇಲ್ದುಟಿ. ಅದರಿಂದ ಕೊಂಬೆಯನ್ನು ಹಿಡಿದೆಳೆದು, ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದ ಹಾಗೆ ಕಡಿಯುತ್ತದೆ. ಜಾಡು ಹುಡುಕುವವರು ಪೊದೆಯ ತುದಿ ನೋಡಿಯೇ ಇಲ್ಲಿ ಕಪ್ಪು ಘೇಂಡಾ ಮೇಯ್ದಿದೆ ಎನ್ನುತ್ತಾರೆ.

ನಿಮ್ಮ ಕಾಜಿರಂಗದ ಪ್ರಶ್ನೆಗೆ ಉತ್ತರ ಈ ಬಾಯಲ್ಲೇ ಇದೆ. ಕಾಜಿರಂಗದ ಒಂಟಿ ಕೊಂಬಿನ ಘೇಂಡಾ ಮುಖ್ಯವಾಗಿ ಹುಲ್ಲು ತಿನ್ನುತ್ತದೆ. ಬ್ರಹ್ಮಪುತ್ರ ಪ್ರತಿ ವರ್ಷ ಮಣ್ಣು ತಂದು ಹಾಕುತ್ತದೆ, ಆನೆಯೆತ್ತರ ಹುಲ್ಲು ಮತ್ತೆ ಬೆಳೆಯುತ್ತದೆ. ಹಾಗಾಗಿ ಒಂದೇ ಕಾಡು 2022ರ ಗಣತಿಯಲ್ಲಿ 2,613 ಘೇಂಡಾಗಳನ್ನು ಸಾಕುತ್ತಿತ್ತು. ಕಪ್ಪು ಘೇಂಡಾಕ್ಕೆ ಆ ಭಾಗ್ಯವಿಲ್ಲ. ಅದು ಪೊದೆ, ಚಿಗುರು, ಮುಳ್ಳುಕಡ್ಡಿ ತಿಂದು ಬದುಕುವುದು. ಒಣ ಸೀಮೆಯಲ್ಲಿ ಪೊದೆ ಬೇಗ ಚಿಗುರುವುದಿಲ್ಲ. ಆನೆ, ಜಿರಾಫೆ, ಕುಡು ಜಿಂಕೆಗಳೂ ಅದೇ ಪೊದೆಗೆ ಬಾಯಿ ಹಾಕುತ್ತವೆ. ನಮೀಬಿಯಾದ ವಾಯವ್ಯದಲ್ಲಿ ಒಂದೊಂದು ಘೇಂಡಾ ನೂರಾರು ಚದರ ಕಿಲೋಮೀಟರ್ ಸುತ್ತುತ್ತದೆ. ಅಲ್ಲಿ ಅವು ಹಾಲು ಸುರಿಸುವ ಕಳ್ಳಿಯನ್ನೂ ಅಗಿದು ನುಂಗುತ್ತವೆ. ನಮ್ಮ ಕಡೆ ಹೊಲದ ಬೇಲಿಗೆ ನೆಡುವ ಕಡ್ಡಿಕಳ್ಳಿ ಇದೆಯಲ್ಲ, ಅದೇ ಕುಲದ ಗಿಡ. ಕಳ್ಳಿಹಾಲು ಕಣ್ಣಿಗೆ ಸಿಡಿದರೆ ಏನಾಗುತ್ತದೆ ಎಂದು ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು. ಅಂಥದ್ದನ್ನು ಈ ಪ್ರಾಣಿ ನಿತ್ಯದ ಊಟ ಮಾಡಿಕೊಂಡಿದೆ.

ಈಗ ಸಾಗಣೆಯ ಮಾತು. ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬ ಮುಖ್ಯ ಅನ್ನಿಸಿದ್ದು ಇದು. ಒಂದು ಕಾಡಿನಲ್ಲಿ ಕಪ್ಪು ಘೇಂಡಾಗಳು ತುಂಬಿದರೆ ಅವು ಹೆರುವುದನ್ನೇ ಕಡಿಮೆ ಮಾಡುತ್ತವೆ. ಹೆಣ್ಣು ಮೊದಲ ಮರಿ ಹಾಕುವ ವಯಸ್ಸು ಮುಂದಕ್ಕೆ ಹೋಗುತ್ತದೆ. ಒಂದು ಮರಿಗೂ ಇನ್ನೊಂದು ಮರಿಗೂ ನಡುವಿನ ಅಂತರ ಹಿಗ್ಗುತ್ತದೆ. ಮೊದಲೇ ಅದರ ಬಸಿರು ಹದಿನೈದು ತಿಂಗಳು. ಎಲ್ಲ ಚೆನ್ನಾಗಿದ್ದರೂ ಎರಡೂವರೆ, ಮೂರು ವರ್ಷಕ್ಕೆ ಒಂದು ಮರಿ. ಗಂಡುಗಳು ಜಾಗಕ್ಕಾಗಿ ಹೊಡೆದಾಡಿ ಸಾಯುತ್ತವೆ. ಕಾವಲು ಎಷ್ಟೇ ಬಿಗಿಯಾಗಿದ್ದರೂ ಸಂಖ್ಯೆ ಅಲ್ಲೇ ನಿಂತುಬಿಡುತ್ತದೆ. ಅದಕ್ಕೇ ಕಾಡು ತುಂಬುವ ಮೊದಲೇ ಕೆಲವನ್ನು ತೆಗೆದು ಬೇರೆ ಕಡೆ ಬಿಡಬೇಕು. ಆಗ ಹೊಸ ಜಾಗದಲ್ಲೂ ಮರಿ, ಹಳೆ ಜಾಗದಲ್ಲೂ ಮರಿ. ಬೆಳೆದ ಮಕ್ಕಳಿಗೆ ಬೇರೆ ಮನೆ ಮಾಡಿಕೊಡುವ ಹಾಗೆ. ಆಫ್ರಿಕಾದ ದಕ್ಷಿಣ ಭಾಗದಲ್ಲಿ ಕಪ್ಪು ಘೇಂಡಾ ಉಳಿದದ್ದು ಕೊಟ್ಟು, ಹಂಚಿ. ಇಟ್ಟುಕೊಂಡು ಕೂತಿದ್ದರೆ ಉಳಿಯುತ್ತಿರಲಿಲ್ಲ.

ಇದಕ್ಕೆ ಬೇರು ಕ್ವಾಝುಲು ನಟಾಲ್‌ನ ಹ್ಲುಹ್ಲುವೆಯಲ್ಲಿದೆ. 1895ರಲ್ಲಿ ಜುಲುಗಳ ನಾಡಿನಲ್ಲಿ ಕಾಯ್ದಿಟ್ಟ ಕಾಡು ಅದು. ಈಗ ಹ್ಲುಹ್ಲುವೆ–ಇಮ್ಫೊಲೋಜಿ ಎನ್ನುತ್ತಾರೆ. 1930ರ ದಶಕದಲ್ಲಿ ಇಡೀ ದಕ್ಷಿಣ ಆಫ್ರಿಕಾದಲ್ಲಿ ಉಳಿದಿದ್ದ ಕಪ್ಪು ಘೇಂಡಾ ಸುಮಾರು 110. ಅವೂ ಇದ್ದದ್ದು ಇಲ್ಲಿ ಮತ್ತು ಹತ್ತಿರದ ಮ್ಕೂಝೆಯಲ್ಲಿ ಮಾತ್ರ. ಕ್ರೂಗರ್‌ನಲ್ಲಿ ಕೊನೆಯದು ಕಂಡದ್ದು 1936ರಲ್ಲಿ. ಮೂವತ್ತೈದು ವರ್ಷ ಅಲ್ಲಿ ಈ ಪ್ರಾಣಿಯೇ ಇರಲಿಲ್ಲ. 1971ರಲ್ಲಿ ನಟಾಲ್‌ನಿಂದ, ಮರುವರ್ಷ ಈಗಿನ ಜಿಂಬಾಬ್ವೆಯಿಂದ ತಂದು ಬಿಟ್ಟರು. ನೀವು ಮುಂದಿನ ರಜೆಗೆ ಕ್ರೂಗರ್‌ಗೆ ಹೋಗಿ ಒಂದನ್ನು ನೋಡಿದರೆ ಅದು ಈ ವಲಸಿಗರ ಮೊಮ್ಮಕ್ಕಳ ಪೈಕಿ. ಇದೇ ರೀತಿ ಎಟೋಶಾದ ಘೇಂಡಾಗಳನ್ನು 1985ರಲ್ಲಿ ದಕ್ಷಿಣ ಆಫ್ರಿಕಾದ ಆಗ್ರಬೀಸ್ ಉದ್ಯಾನಕ್ಕೆ ಒಯ್ದರು. ನೈಋತ್ಯದ ಉಪಜಾತಿ ಆ ದೇಶಕ್ಕೆ ಮರಳಿದ್ದು ಹಾಗೆ.

ನನಗೆ ಬಹಳ ಇಷ್ಟವಾದದ್ದು ಆಡೊ ಕಾಡಿನ ಕಥೆ. 1960ರ ದಶಕದ ಆರಂಭದಲ್ಲಿ ಕೆನ್ಯಾದಿಂದ ಕೆಲವು ಘೇಂಡಾಗಳನ್ನು ದಕ್ಷಿಣ ಆಫ್ರಿಕಾದ ಆಡೊಗೆ ತಂದರು. ಅವು ಪೂರ್ವ ಆಫ್ರಿಕಾದ ಉಪಜಾತಿ, ಅಲ್ಲಿಯವಲ್ಲ. ಇಂದಿನ ಲೆಕ್ಕದಲ್ಲಿ ಅದು ತಪ್ಪು ಕೆಲಸವೇ. ಆದರೆ ಮುಂದೆ ಪೂರ್ವ ಆಫ್ರಿಕಾದಲ್ಲಿ ಘೇಂಡಾಗಳು ಸಾಲುಸಾಲಾಗಿ ಸತ್ತಾಗ ಆಡೊದ ಸಂತಾನ ಸುರಕ್ಷಿತವಾಗಿತ್ತು. 1997ರಲ್ಲಿ ಅವುಗಳಲ್ಲಿ ಕೆಲವು ಟಾಂಜಾನಿಯಾದ ಮ್ಕೊಮಾಜಿಗೆ ಮರಳಿದವು. ಗೊತ್ತಿಲ್ಲದೇ ಬೇರೆಯವರ ಮನೆಯಲ್ಲಿಟ್ಟ ಬಿತ್ತನೆ ಬೀಜ ಬರಗಾಲದಲ್ಲಿ ಕೈಗೆ ಬಂದ ಹಾಗೆ.

2003ರಿಂದ ಈ ಹಂಚುವ ಕೆಲಸಕ್ಕೆ ಒಂದು ಕ್ರಮ ಬಂತು. ಕ್ವಾಝುಲು ನಟಾಲ್‌ನ ವನ್ಯಜೀವಿ ಇಲಾಖೆ ಮತ್ತು ಡಬ್ಲ್ಯೂಡಬ್ಲ್ಯೂಎಫ್ ಎಂಬ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆ ಸೇರಿ ಶುರು ಮಾಡಿದ ಯೋಜನೆ ಅದು. ನಾಲ್ಕೈದು ಘೇಂಡಾ ಬಿಟ್ಟರೆ ಸಂತಾನ ನಿಲ್ಲುವುದಿಲ್ಲ, ಒಂದೇ ಸಲಕ್ಕೆ ಇಪ್ಪತ್ತರ ಆಸುಪಾಸು ಬಿಡಬೇಕು. ಅಷ್ಟಕ್ಕೆ ದೊಡ್ಡ ಜಾಗ ಬೇಕು. ಖಾಸಗಿ ಜಮೀನಿನ ಒಬ್ಬ ಮಾಲೀಕನ ಹತ್ತಿರ ಅಷ್ಟು ಇರುವುದಿಲ್ಲ. ಹಾಗಾಗಿ ಅಕ್ಕಪಕ್ಕದವರು ಸೇರಿ ನಡುವಿನ ಬೇಲಿ ಕಿತ್ತರೆ ಮಾತ್ರ ಘೇಂಡಾ ಸಿಗುತ್ತದೆ! ಜಮೀನಿನ ಬೇಲಿ ಕೀಳಿಸುವುದು ಎಷ್ಟು ಕಷ್ಟದ ಕೆಲಸ ಅಂತ ನಿಮಗೇ ಗೊತ್ತು, ಅಲ್ವಾ? ಘೇಂಡಾದ ಆಸೆಗೆ ಅಲ್ಲಿ ಬೇಲಿಗಳು ಬಿದ್ದವು. ಬೇಲಿ ಬಿದ್ದದ್ದರಿಂದ ಆನೆ, ಚಿರತೆಗಳಿಗೂ ಜಾಗ ಹಿಗ್ಗಿತು.

ಹೆಲಿಕಾಪ್ಟರಿನ ಚಿತ್ರ ನೋಡಿ ನಿಮಗೆ ಕರುಳು ಚುರುಕ್ ಎಂದಿರಬಹುದು. ನಾಲ್ಕೂ ಕಾಲು ಕಟ್ಟಿ ತಲೆಕೆಳಗಾಗಿ ತೂಗು ಹಾಕಿರುತ್ತಾರೆ. ಅರಿವಳಿಕೆಯಲ್ಲಿ ಇರುವುದರಿಂದ ಅದಕ್ಕೆ ಅದು ಗೊತ್ತಾಗುವುದಿಲ್ಲ. ದಾರಿಯೇ ಇಲ್ಲದ ಗುಡ್ಡಗಳಿಂದ ಲಾರಿ ನಿಂತ ಕಡೆಗೆ ಕೆಲವೇ ನಿಮಿಷದಲ್ಲಿ ತಲುಪಿಸಲು ಇದೇ ಸುಲಭ. ಹೀಗೆ ತೂಗಿದರೆ ಉಸಿರಾಟಕ್ಕೆ ತೊಂದರೆಯೇ ಎಂದು ಪಶುವೈದ್ಯರು ನಮೀಬಿಯಾದಲ್ಲಿ 12 ಘೇಂಡಾಗಳನ್ನು ಕ್ರೇನಿಗೆ ತೂಗಿ ಪರೀಕ್ಷೆ ಮಾಡಿದರು. ಪಕ್ಕಕ್ಕೆ ಮಲಗಿಸುವುದಕ್ಕಿಂತ ತಲೆಕೆಳಗಾಗಿ ತೂಗುವುದೇ ರಕ್ತದ ಆಮ್ಲಜನಕಕ್ಕೆ ಸ್ವಲ್ಪ ಒಳ್ಳೆಯದು ಎಂದು ಕಂಡಿತು. 2021ರಲ್ಲಿ ಈ ಕೆಲಸಕ್ಕೆ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನ ಬಂದಾಗ ಜನ ನಕ್ಕರು. ಆದರೆ ಅರಿವಳಿಕೆ ಕೊಟ್ಟ ಒಂದು ಟನ್ ತೂಕದ ಪ್ರಾಣಿಯ ಪಕ್ಕ ನಿಂತವರಿಗೆ ಅದು ಜೀವದ ಪ್ರಶ್ನೆ.

ಎಲ್ಲ ಸಾಗಣೆಯೂ ಸುಖವಾಗಿ ಮುಗಿಯಲಿಲ್ಲ. ಅದನ್ನು ಮುಚ್ಚಿಡಬಾರದು. 2018ರಲ್ಲಿ ದಕ್ಷಿಣ ಆಫ್ರಿಕಾದಿಂದ ಆರು ಕಪ್ಪು ಘೇಂಡಾಗಳನ್ನು ಚಾಡ್ ದೇಶದ ಜಕೂಮಾ ಕಾಡಿಗೆ ಒಯ್ದರು. ಕೆಲವೇ ತಿಂಗಳಲ್ಲಿ ನಾಲ್ಕು ಸತ್ತವು. ಹೊಸ ಕಾಡಿನ ಮೇವಿಗೆ ಹೊಂದಿಕೊಳ್ಳಲಾಗದೆ ಮೈಯಲ್ಲಿನ ಕೊಬ್ಬು ಕರಗಿ ಹೋಗಿತ್ತು. ಅದೇ ವರ್ಷ ಕೆನ್ಯಾದ ಒಳಗೇ ತ್ಸಾವೊಗೆ ಸಾಗಿಸಿದ ಹನ್ನೊಂದೂ ಘೇಂಡಾಗಳು ಹೋದವು. ಅಲ್ಲಿನ ಕುಡಿಯುವ ನೀರು ಉಪ್ಪುಪ್ಪಾಗಿತ್ತು. ಅವು ಬಾಯಾರಿ ಅದನ್ನೇ ಕುಡಿದವು, ಕುಡಿದಷ್ಟೂ ಬಾಯಾರಿಕೆ ಹೆಚ್ಚಿತು. ನೀರನ್ನು ಮೊದಲೇ ಸರಿಯಾಗಿ ಪರೀಕ್ಷೆ ಮಾಡಿದ್ದರೆ ಉಳಿಯುತ್ತಿದ್ದವು. ಇದನ್ನು ಬರೆಯುವಾಗ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಒಳ್ಳೆಯ ಸುದ್ದಿಯೂ ಇದೆ. ಜಾಂಬಿಯಾದಲ್ಲಿ ಕಪ್ಪು ಘೇಂಡಾ ಅಳಿಯಿತು ಎಂದು 1998ರಲ್ಲಿ ಘೋಷಿಸಿದ್ದರು. 2003ರಿಂದ 2010ರವರೆಗೆ ಅಲ್ಲಿನ ಉತ್ತರ ಲುವಾಂಗ್ವಾ ಕಾಡಿಗೆ 25 ಘೇಂಡಾಗಳನ್ನು ತಂದರು. ಈಗ ಅಲ್ಲಿ ಹುಟ್ಟಿದ ಮರಿಗಳಿಗೇ ಮರಿಗಳಾಗಿವೆ. ಮಲಾವಿಯ ಲಿವೊಂಡೆಗೆ 2019ರಲ್ಲಿ 17 ಹೋದವು. ಜಿಂಬಾಬ್ವೆಯ ಗೊನಾರೆಝೊ ಕಾಡಿಗೆ 2021ರಲ್ಲಿ ಮರಳಿದವು. ಜಿಂಬಾಬ್ವೆಯ ಘೇಂಡಾಗಳಂತೂ ಎರಡೆರಡು ಸಲ ಮನೆ ಬದಲಿಸಿವೆ. 1980ರ ದಶಕದಲ್ಲಿ ಜಾಂಬೆಜಿ ಕಣಿವೆಯಲ್ಲಿ ಗಡಿಯಾಚೆಯಿಂದ ಬಂದ ಗುಂಪುಗಳು ಕೊಲ್ಲುತ್ತಿದ್ದಾಗ ಅವನ್ನು ದಕ್ಷಿಣದ ತಗ್ಗು ಸೀಮೆಗೆ ತಂದರು. ದನ ಸಾಕುತ್ತಿದ್ದ ದೊಡ್ಡ ಜಮೀನುಗಳ ಮಾಲೀಕರು ದನ ಬಿಟ್ಟು ಘೇಂಡಾ ಕಾಯತೊಡಗಿದರು. 2000ದ ನಂತರ ಅಲ್ಲೂ ಕಳ್ಳಬೇಟೆ ಜೋರಾದಾಗ ಮತ್ತೆ ಎತ್ತಿ ಬುಬ್ಯೆ ಕಣಿವೆಯಂಥ ಭದ್ರ ಜಾಗಗಳಿಗೆ ಸೇರಿಸಿದರು.

ಆದರೆ ಜಾಗ ಸಿಕ್ಕರೆ ಸಾಲದು, ಕಾಯುವವರು ಬೇಕು. ಇಲ್ಲಿ ನಮೀಬಿಯಾದ ವಾಯವ್ಯದ ಕುನೇನೆ ಸೀಮೆಯ ವಿಷಯ ಹೇಳಲೇಬೇಕು. ಎಟೋಶಾದಿಂದ ಪಶ್ಚಿಮಕ್ಕೆ ಹೋದರೆ ಕೆಂಪು ಕಲ್ಲಿನ ಬಯಲು. ಅಲ್ಲಿ ಬೇಲಿಯಿಲ್ಲ, ರಾಷ್ಟ್ರೀಯ ಉದ್ಯಾನದ ಗೇಟಿಲ್ಲ. ಜನ ಮೇಕೆ, ದನ ಕಾಯುವ ನೆಲದಲ್ಲೇ ಕಪ್ಪು ಘೇಂಡಾಗಳು ಓಡಾಡುತ್ತವೆ. 1980ರ ದಶಕದ ಮೊದಲಲ್ಲಿ ಬರಗಾಲ ಬಂದು ದನಗಳು ಸತ್ತವು. ಕೈಯಲ್ಲಿ ಬಂದೂಕಿದ್ದವರೆಲ್ಲ ಆನೆ, ಘೇಂಡಾಗಳ ಮೇಲೆ ಬಿದ್ದರು. 1982ರಲ್ಲಿ ಬ್ಲೈದ್ ಲೂಟಿಟ್ ಮತ್ತು ಇನಾ ಬ್ರಿಟ್ಸ್ ಎಂಬ ಇಬ್ಬರು ಹೆಣ್ಣುಮಕ್ಕಳು ಸೇವ್ ದಿ ರೈನೋ ಟ್ರಸ್ಟ್ ಎಂಬ ಘೇಂಡಾ ರಕ್ಷಣಾ ಸಂಸ್ಥೆ ಕಟ್ಟಿದರು. ಅದೇ ಹೊತ್ತಿಗೆ ವನ್ಯಜೀವಿ ಸಂರಕ್ಷಕ ಗಾರ್ತ್ ಓವನ್-ಸ್ಮಿತ್ ಊರ ಮುಖಂಡರ ಹತ್ತಿರ ಹೋಗಿ ಕೂತರು. ಕಾವಲುಗಾರರನ್ನು ಇಲಾಖೆ ನೇಮಿಸುವುದು ಬೇಡ, ನೀವೇ ಆರಿಸಿ ಎಂದರು. ಮುಖಂಡರು ತಮ್ಮೂರಿನವರನ್ನೇ ಆರಿಸಿದರು. ಜಾಡು ಹಿಡಿಯುವುದರಲ್ಲಿ ಗಟ್ಟಿಗರಾದ ಹಳೆಯ ಬೇಟೆಗಾರರೂ ಅವರಲ್ಲಿದ್ದರು. ಅವರ ಮುಖ್ಯ ಕೆಲಸ ಯಾರನ್ನೋ ಹಿಡಿಯುವುದಾಗಿರಲಿಲ್ಲ. ಊರಿನ ಪ್ರಾಣಿ ಸತ್ತರೆ ಊರಿಗೆ ಮೊದಲು ಗೊತ್ತಾಗಬೇಕು, ಅಷ್ಟೇ. ಗೊತ್ತಾಗುತ್ತದೆ ಎಂದ ಕೂಡಲೇ ಕೊಲ್ಲುವುದು ತಗ್ಗಿತು.

1996ರಲ್ಲಿ ಸ್ವತಂತ್ರ ನಮೀಬಿಯಾ ಇದಕ್ಕೆ ಕಾನೂನಿನ ಬಲ ಕೊಟ್ಟಿತು. ಊರಿನವರು ಸೇರಿ ಸಂರಕ್ಷಣಾ ಸಂಘ ಮಾಡಿಕೊಂಡರೆ ವನ್ಯಜೀವಿಯಿಂದ, ಪ್ರವಾಸೋದ್ಯಮದಿಂದ ಬರುವ ಹಣ ಅವರಿಗೆ. ಕಪ್ಪು ಘೇಂಡಾದ ಒಡೆತನ ಮಾತ್ರ ಸರ್ಕಾರದ್ದೇ. 1993ರಿಂದ ಖಾಸಗಿ ಜಮೀನುಗಳಿಗೂ ಸರ್ಕಾರ ಘೇಂಡಾಗಳನ್ನು ಕಾಯಲು ಕೊಡುತ್ತದೆ. ಅಲ್ಲಿ ಹುಟ್ಟುವ ಮರಿಯೂ ಸರ್ಕಾರದ್ದೇ. ಮಾರುವ ಹಾಗಿಲ್ಲ. ಆದರೂ ಕಾಯಲು ಜನ ಮುಂದೆ ಬಂದರು. ವಿದೇಶಿ ಬೇಟೆಗಾರರಿಗೆ ಮುದಿ ಗಂಡುಗಳನ್ನು ಹೊಡೆಯಲು ಪರವಾನಗಿ ಕೊಡುವ ಪದ್ಧತಿಯೂ ಅಲ್ಲಿದೆ. 2004ರಿಂದ ವರ್ಷಕ್ಕೆ ಐದರ ಮಿತಿ. 2014ರಲ್ಲಿ ಒಂದು ಪರವಾನಗಿ ಅಮೆರಿಕದಲ್ಲಿ 3,50,000 ಡಾಲರಿಗೆ ಹರಾಜಾದಾಗ ಜಗತ್ತೆಲ್ಲ ಗದ್ದಲವಾಯಿತು. ಹಣ ಸಂರಕ್ಷಣಾ ನಿಧಿಗೆ ಹೋಗುತ್ತದೆ. ಲೆಕ್ಕ ನನಗೆ ಅರ್ಥವಾಗುತ್ತದೆ, ಮನಸ್ಸು ಒಪ್ಪುವುದಿಲ್ಲ.

ಈಗ ಕೊಂಬಿಲ್ಲದ ಆ ಎರಡು. ಕಳ್ಳಬೇಟೆಗಾರ ಬರುವುದೇ ಕೊಂಬಿಗೆ. ಕೊಂಬನ್ನೇ ನಾವು ಮೊದಲೇ ಕತ್ತರಿಸಿಬಿಟ್ಟರೆ? 1989ರಲ್ಲಿ ಇದನ್ನು ಮೊದಲು ಮಾಡಿದ್ದೂ ಕುನೇನೆಯಲ್ಲೇ. ಕೊಂಬು ನಮ್ಮ ಉಗುರಿನ ಹಾಗೆ. ಎರಡೂ ಕೆರಟಿನ್ ಎಂಬ ಒಂದೇ ವಸ್ತುವಿನವು. ಅರಿವಳಿಕೆ ಕೊಟ್ಟು, ಕಣ್ಣಿಗೆ ಬಟ್ಟೆ ಕಟ್ಟಿ, ಬುಡದಲ್ಲಿ ಜೀವ ಇರುವ ಭಾಗ ಬಿಟ್ಟು ಗರಗಸದಲ್ಲಿ ಕತ್ತರಿಸುತ್ತಾರೆ. ನೋವಾಗುವುದಿಲ್ಲ. ಮತ್ತೆ ಬೆಳೆಯುತ್ತದೆ. ಹಾಗಾಗಿ ಒಂದೂವರೆ, ಎರಡು ವರ್ಷಕ್ಕೊಮ್ಮೆ ಮತ್ತೆ ಕತ್ತರಿಸಬೇಕು. ಇದರಿಂದ ಲಾಭ ಇದೆಯೇ? ಕ್ರೂಗರ್ ಸುತ್ತಲಿನ 11 ಮೀಸಲು ಕಾಡುಗಳಲ್ಲಿ 2017ರಿಂದ 2023ರವರೆಗಿನ ಲೆಕ್ಕ ನೋಡಿದ ಅಧ್ಯಯನ 2025ರಲ್ಲಿ ಬಂತು. ಕೊಂಬು ಕತ್ತರಿಸಿದ ಕಡೆ ಕಳ್ಳಬೇಟೆ 78% ತಗ್ಗಿತ್ತು. ಅದಕ್ಕೆ ತಗುಲಿದ್ದು ಒಟ್ಟು ರಕ್ಷಣಾ ಖರ್ಚಿನ 1.2% ಮಾತ್ರ. ಅದೇ ಅವಧಿಯಲ್ಲಿ ಏಳುನೂರಕ್ಕೂ ಹೆಚ್ಚು ಜನರನ್ನು ಬಂಧಿಸಿದ್ದರು. ಆದರೆ ಬಂಧನದಿಂದ ಕಳ್ಳಬೇಟೆ ಇಳಿದದ್ದು ಕಾಣಲಿಲ್ಲ. ಒಳಗಿನವರೇ ಸುದ್ದಿ ಕೊಡುವಾಗ, ಹಸಿದವನೊಬ್ಬ ಜೈಲಿಗೆ ಹೋದರೆ ಇನ್ನೊಬ್ಬ ಸಿದ್ಧನಿರುವಾಗ ಹೀಗೇ ಆಗುವುದು. ಬುಡದಲ್ಲಿ ಉಳಿದ ಮೋಟಿಗಾಗಿಯೂ ಕೊಂದವರಿದ್ದಾರೆ. ಅದೂ ಆ ಅಧ್ಯಯನದಲ್ಲೇ ಇದೆ.

ಬೆಲೆಯೂ ಇದೆ. ದಕ್ಷಿಣ ಆಫ್ರಿಕಾದ ಹತ್ತು ಕಾಡುಗಳಲ್ಲಿ ಕಪ್ಪು ಘೇಂಡಾಗಳನ್ನೇ ಗಮನಿಸಿದಾಗ, ಕೊಂಬು ಕಳೆದುಕೊಂಡವು ಓಡಾಡುವ ಜಾಗ ಸರಾಸರಿ 45% ಕುಗ್ಗಿತ್ತು. ಒಂದನ್ನೊಂದು ಭೇಟಿಯಾಗುವುದೂ ಕಡಿಮೆಯಾಗಿತ್ತು. ಆಯುಧವಿಲ್ಲದವನು ಊರಾಚೆ ಹೋಗಲು ಹಿಂಜರಿಯುವ ಹಾಗೆ. ನನ್ನ ಮಟ್ಟಿಗೆ ಕೊಂಬು ಕತ್ತರಿಸುವುದು ಗಾಯಕ್ಕೆ ಕಟ್ಟುವ ಬಟ್ಟೆ. ರಕ್ತ ಸುರಿಯುವಾಗ ಕಟ್ಟಲೇಬೇಕು. ಹ್ಲುಹ್ಲುವೆ–ಇಮ್ಫೊಲೋಜಿಯಲ್ಲಿ ಕಟ್ಟಲು ತಡ ಮಾಡಿದರು. 2023ರಲ್ಲಿ ಇಡೀ ದಕ್ಷಿಣ ಆಫ್ರಿಕಾದಲ್ಲಿ ಕೊಂದ 499 ಘೇಂಡಾಗಳಲ್ಲಿ 325 ಕ್ವಾಝುಲು ನಟಾಲ್ ಒಂದರಲ್ಲೇ, ಅದರಲ್ಲೂ ಬಹುಪಾಲು ಈ ಕಾಡಿನಲ್ಲಿ. ಹೆಚ್ಚಿನವು ಬಿಳಿ ಘೇಂಡಾ. 2024ರ ಏಪ್ರಿಲ್‌ನಲ್ಲಿ ಅಲ್ಲಿ ಕೊಂಬು ಕತ್ತರಿಸತೊಡಗಿದರು. ಎಲ್ಲ ಕಡೆಗೂ ಬೀಜ ಕೊಟ್ಟ ತವರಿಗೇ ಈ ಗತಿ ಬಂತಲ್ಲ ಎಂದು ಸಂಕಟವಾಗುತ್ತದೆ.

ಅದೇ ಕಾಡಿನಿಂದ ಬಂದ ಇನ್ನೊಂದು ವಿಷಯ ಹೇಳುವ ಆಸೆ. ಘೇಂಡಾದ ಬೆನ್ನ ಮೇಲೆ ಕೂರುವ ಕೆಂಪು ಕೊಕ್ಕಿನ ಹಕ್ಕಿಗೆ ಸ್ವಾಹಿಲಿಯಲ್ಲಿ ಘೇಂಡಾದ ಕಾವಲುಗಾರ ಎಂಬ ಅರ್ಥದ ಹೆಸರಿದೆ. ಘೇಂಡಾಕ್ಕೆ ಕಣ್ಣು ಮಂದ. ಅಲ್ಲಿ ಸಂಶೋಧಕರು ಪರೀಕ್ಷಿಸಿದಾಗ, ಹಕ್ಕಿ ಇಲ್ಲದಿದ್ದರೆ ನಡೆದು ಬರುವ ಮನುಷ್ಯನನ್ನು ಅದು ಗಮನಿಸಿದ್ದು ನೂರರಲ್ಲಿ 23 ಸಲ. ಹಕ್ಕಿ ಇದ್ದಾಗ ಪ್ರತಿ ಸಲವೂ, ಸರಾಸರಿ 61 ಮೀಟರ್ ದೂರದಿಂದಲೇ. ಹಕ್ಕಿ ಕೂಗಿದರೆ ಸಾಕು, ತಿರುಗಿ ನಿಲ್ಲುತ್ತದೆ.

ಕೊನೆಗೆ ನಿಮ್ಮ ಫೋಟೊ ಮತ್ತು ಆ ಹರಿದ ಕಿವಿ. ಅದು ಹರಿದದ್ದಲ್ಲ ಎಂದೇ ನನಗನ್ನಿಸುತ್ತದೆ. ಅರಿವಳಿಕೆಯಲ್ಲಿರುವಾಗ ಕಿವಿಯಂಚಿನಲ್ಲಿ ವಿ ಆಕಾರದ ಕಚ್ಚು ಹಾಕಿರುತ್ತಾರೆ. ಯಾವ ಕಿವಿ, ಯಾವ ಜಾಗ ಎನ್ನುವುದರ ಮೇಲೆ ಒಂದೊಂದು ಕಚ್ಚಿಗೂ ಒಂದು ಅಂಕೆ. ಕೂಡಿಸಿದರೆ ಅದರ ನಂಬರ್. ಆ ನಂಬರಿನ ಎದುರು ಅದರ ವಯಸ್ಸು, ತಾಯಿ, ಮರಿಗಳು, ಕೊನೆಯ ಸಲ ಕಂಡ ದಿನ ಎಲ್ಲ ದಾಖಲೆ ಪುಸ್ತಕದಲ್ಲಿರುತ್ತದೆ. ಆ ಪುಸ್ತಕ ಕಾವಲುಗಾರನ ಕೈಯಲ್ಲಿದ್ದರೆ ರಕ್ಷಣೆ. ಫೋಟೊದ ಜೊತೆ ಜಾಗ ಮತ್ತು ಗಂಟೆ ಅಂತರ್ಜಾಲಕ್ಕೆ ಬಿದ್ದರೆ ಅದೇ ಮಾಹಿತಿ ಕಳ್ಳಬೇಟೆಗಾರನಿಗೂ ಸಿಗುತ್ತದೆ. ಓಕಾಕುವೆಯೊ ಹೊಂಡ ಎಲ್ಲರಿಗೂ ಗೊತ್ತಿರುವ ಜಾಗ, ನಿಜ. ಆದರೆ ದೂರದ ಪೊದೆಯಲ್ಲಿ ತೆಗೆದ ಚಿತ್ರವಿದ್ದರೆ ಫೋನಿನಲ್ಲಿ ಜಾಗದ ಗುರುತು ಅಳಿಸಿ, ಕೆಲವು ವಾರ ಬಿಟ್ಟು ಹಾಕಿ. ಅದಕ್ಕೂ ಮೊದಲು ಎರಡೂ ಕಿವಿ ಚೆನ್ನಾಗಿ ಕಾಣುವ ಒಂದು ಚಿತ್ರವನ್ನು, ನೋಡಿದ ತಾರೀಖಿನೊಂದಿಗೆ, ಎಟೋಶಾದ ಕಚೇರಿಗೆ ಕಳಿಸಿ. ಆ ಘೇಂಡಾದ ಹೆಸರಿನ ಮುಂದೆ ಇನ್ನೊಂದು ಸಾಲು ಸೇರುತ್ತದೆ.